ಇಳಿಯದೆ ಉಳಿದವರು

1993ರ ಮೇ ತಿಂಗಳಲ್ಲಿ ಕಠ್ಮಂಡುವಿನ ದಶರಥ ರಂಗಶಾಲೆಯಲ್ಲಿ 31 ವರ್ಷದ ಒಬ್ಬ ಹೆಂಗಸಿನ ಪಾರ್ಥಿವ ಶರೀರವನ್ನು ಅಂತಿಮ ದರ್ಶನಕ್ಕೆ ಇಡಲಾಯಿತು. ಫುಟ್‌ಬಾಲ್ ಪಂದ್ಯಗಳಿಗೆ ಜನ ಸೇರುತ್ತಿದ್ದ ಮೈದಾನಕ್ಕೆ ಅಂದು ಸಾವಿರಾರು ಮಂದಿ ಹೂವು, ಖಾತಾ ಶಾಲುಗಳನ್ನು ಹಿಡಿದು ಬಂದರು. ತೀರಿಕೊಂಡವರು ಪಸಾಂಗ್ ಲ್ಹಾಮು ಶೆರ್ಪಾ. ಏಪ್ರಿಲ್ 22ರಂದು ಅವರು ಎವರೆಸ್ಟ್ ಶಿಖರ ಮುಟ್ಟಿದ್ದರು, ಹಾಗೆ ಮುಟ್ಟಿದ ಮೊದಲ ನೇಪಾಳಿ ಮಹಿಳೆ ಅವರೇ. ಇಳಿಯುವ ದಾರಿಯಲ್ಲಿ ಹವೆ ಕೆಟ್ಟಿತು, ಅವರು ಮರಳಲಿಲ್ಲ. ವಾರಗಟ್ಟಲೆ ಹುಡುಕಾಡಿ ದೇಹವನ್ನು ಕೆಳಗೆ ತಂದರು. ಸೋಲುಖುಂಬುವಿನ ಶೆರ್ಪಾಗಳ ಜೊತೆ, ಹಿಮಾಲಯವನ್ನು ದೂರದ ಬಿಳಿ ಗೆರೆಯಾಗಿ ಮಾತ್ರ ಕಂಡಿದ್ದ ಪೇಟೆಯ ಜನರೂ ಅಂದು ಅತ್ತರು. ಈ ಶೋಕವನ್ನು ಒಂದು ದೇಶ ತನ್ನ ವೀರವನಿತೆಗೆ ಸಲ್ಲಿಸಿದ ಗೌರವವೆಂದು ಓದುವುದು ರೂಢಿ. ಆ ಓದು ಸುಳ್ಳಲ್ಲ, ಆದರೆ ಅರ್ಧದಲ್ಲೇ ನಿಲ್ಲುತ್ತದೆ. ಎಪ್ಪತ್ತು ವರ್ಷಗಳಿಂದ ಶೆರ್ಪಾಗಳು ಹಿಮದಲ್ಲಿ ಸಾಯುತ್ತಲೇ ಇದ್ದರು, ಅವರ ಸಾವಿಗೆ ಅರ್ಥ ಹೇಳುತ್ತಿದ್ದವರು ಮಾತ್ರ ಬೇರೆಯವರು. ಆ ಅರ್ಥ ಹೇಳುವ ಅಧಿಕಾರ ಶೆರ್ಪಾಗಳ ಕೈಗೆ ಬಂದದ್ದು ಪಸಾಂಗ್ ಅವರಿಗಾಗಿ ಅತ್ತ ಆ ದಿನಗಳಲ್ಲಿ ಎಂಬುದು ನನ್ನ ವಾದ. ಅದನ್ನು ಒಪ್ಪಿಸಬೇಕಾದರೆ ಮೊದಲು ಹಳೆಯ ಸಾವುಗಳ ಕಡೆಗೆ ಹೋಗಬೇಕು.

1922ರ ಜೂನ್ 7ರಂದು ಎವರೆಸ್ಟಿನ ಉತ್ತರ ಪಾರ್ಶ್ವದಲ್ಲಿ, ನಾರ್ತ್ ಕೋಲ್ ಕೆಳಗಿನ ಇಳಿಜಾರಿನಲ್ಲಿ, ಹೊಸ ಹಿಮ ಜಾರಿತು. ಬ್ರಿಟಿಷ್ ತಂಡದ ಮ್ಯಾಲರಿ, ಸೋಮರ್ವೆಲ್, ಕ್ರಾಫರ್ಡ್ ಮುಂದಿನ ಹಗ್ಗದಲ್ಲಿದ್ದರು, ಅವರು ಉಳಿದರು. ಹಿಂದಿನ ಹಗ್ಗಗಳಲ್ಲಿದ್ದ ಹೊರೆಯಾಳುಗಳಲ್ಲಿ ಒಂಬತ್ತು ಮಂದಿ ಹಿಮದ ಗೋಡೆಯಿಂದ ಕೆಳಗೆ ಬಿದ್ದರು, ಏಳು ಮಂದಿ ಸತ್ತರು. ಎವರೆಸ್ಟ್ ಏರುವ ಪ್ರಯತ್ನದಲ್ಲಿ ಒಟ್ಟಿಗೆ ಇಷ್ಟು ಜನ ಸತ್ತದ್ದು ಅದೇ ಮೊದಲು. ಮುಂದೆ ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ದಶಕಗಳ ಕಾಲ ವೈದ್ಯರಾಗಿದ್ದ ಸೋಮರ್ವೆಲ್, ಸತ್ತವರಲ್ಲಿ ತಮ್ಮಲ್ಲೊಬ್ಬರಾದರೂ ಇದ್ದಿದ್ದರೆ ಆ ಜನರ ನಷ್ಟದಲ್ಲಿ ನಾವೂ ಪಾಲು ಪಡೆದಂತಾಗುತ್ತಿತ್ತು ಎಂಬ ಅರ್ಥದ ಮಾತು ಬರೆದಿಟ್ಟರು. ಅದು ನಿಜವಾದ ನೋವಿನ ಮಾತು. 1924ರಲ್ಲಿ ಶಮೊನಿಯ ಚಳಿಗಾಲದ ಕ್ರೀಡಾಕೂಟದಲ್ಲಿ 1922ರ ತಂಡಕ್ಕೆ ಪರ್ವತಾರೋಹಣದ ಒಲಿಂಪಿಕ್ ಪದಕ ಕೊಟ್ಟಾಗ ಸತ್ತ ಏಳು ಮಂದಿಯನ್ನೂ ಸೇರಿಸಿಕೊಂಡರು. ಎಂದರೆ ಹಳೆಯ ಸಾಹೇಬರು ಶೆರ್ಪಾಗಳನ್ನು ಪೂರ್ತಿ ಮರೆತಿದ್ದರು ಎಂದು ದೂರುವುದು ಅನ್ಯಾಯ. ನನ್ನ ತಕರಾರು ಬೇರೆ. ಅತ್ತವರು ಅವರೇ, ಬರೆದವರು ಅವರೇ, ಪದಕ ಪಡೆದು ತಂದವರೂ ಅವರೇ. ಸತ್ತವರ ಊರಿನಲ್ಲಿ, ಸತ್ತವರ ಭಾಷೆಯಲ್ಲಿ ಆದ ಶೋಕ ಯಾವ ಪುಸ್ತಕಕ್ಕೂ ಬರಲಿಲ್ಲ.

ಹನ್ನೆರಡು ವರ್ಷಗಳ ನಂತರ ನಂಗಾ ಪರ್ಬತದಲ್ಲಿ ನಡೆದದ್ದು ಇನ್ನಷ್ಟು ಕಣ್ಣು ತೆರೆಸುವಂಥದ್ದು. 1934ರ ಜುಲೈ ಮೊದಲ ವಾರದಲ್ಲಿ ವಿಲ್ಲಿ ಮೆರ್ಕ್ಲ್ ನಾಯಕತ್ವದ ಜರ್ಮನ್ ತಂಡ ಸುಮಾರು 7,500 ಮೀಟರ್ ಎತ್ತರದಲ್ಲಿ ಬಿರುಗಾಳಿಗೆ ಸಿಕ್ಕಿತು. ಒಂದು ವಾರಕ್ಕೂ ಹೆಚ್ಚು ಕಾಲ ನಡೆದ ಆ ಇಳಿಕೆಯಲ್ಲಿ ಮೂವರು ಜರ್ಮನ್ನರೂ ಆರು ಮಂದಿ ಶೆರ್ಪಾಗಳೂ ಸತ್ತರು. ಕೊನೆಗೆ ಮೆರ್ಕ್ಲ್ ನಡೆಯಲಾರದ ಸ್ಥಿತಿ ಮುಟ್ಟಿದಾಗ ಅವನ ಜೊತೆ ಇದ್ದವರು ಇಬ್ಬರು ಶೆರ್ಪಾಗಳು. ಆಂಗ್ ತ್ಸೆರಿಂಗ್ ನೆರವು ಕರೆತರಲು ಹೆಪ್ಪುಗಟ್ಟಿದ ಕೈಕಾಲುಗಳಲ್ಲೇ ಕೆಳಗಿಳಿದು ಬದುಕಿದ. ಗೇಲೇ ಮೆರ್ಕ್ಲ್ ಬಳಿ ಉಳಿದ. 1938ರಲ್ಲಿ ಬಂದ ಇನ್ನೊಂದು ಜರ್ಮನ್ ತಂಡಕ್ಕೆ ಇಬ್ಬರ ದೇಹವೂ ಸಿಕ್ಕಿತು. ಅಷ್ಟರಲ್ಲಿ ನಾಜಿ ಜರ್ಮನಿ ಆ ಪರ್ವತವನ್ನು ತನ್ನ ವಿಧಿಯ ಪರ್ವತವೆಂದು ಕರೆದುಕೊಂಡು ಮೆರ್ಕ್ಲ್‌ನನ್ನು ಹುತಾತ್ಮನನ್ನಾಗಿ ಮಾಡಿತ್ತು. ಆ ಕಥೆಯಲ್ಲಿ ಗೇಲೇಗೂ ಒಂದು ಜಾಗವಿತ್ತು. ಒಡೆಯನನ್ನು ಸಾವಿನಲ್ಲೂ ಬಿಡದ ನಿಷ್ಠಾವಂತ ಸೇವಕನ ಜಾಗ ಅದು. ಗೇಲೇ ಉಳಿದದ್ದು ನಿಷ್ಠೆಯಿಂದಲೋ, ಸ್ನೇಹದಿಂದಲೋ, ಸಾಯುತ್ತಿರುವವನನ್ನು ಒಂಟಿಯಾಗಿ ಬಿಡಬಾರದೆಂಬ ತನ್ನ ಧರ್ಮದ ತಿಳಿವಿನಿಂದಲೋ ಎಂದು ಹೇಳುವುದಕ್ಕೆ ಗೇಲೇ ಇರಲಿಲ್ಲ. ಅವನ ಪರವಾಗಿ ಮಾತಾಡಬಲ್ಲವರನ್ನು ಯಾರೂ ಕೇಳಲಿಲ್ಲ. ಹೊಗಳಿಕೆಯೇ ಅವನನ್ನು ಸೇವಕನ ಅಂಗಿಯೊಳಗೆ ಹೊಲಿದುಬಿಟ್ಟಿತು.

ಇದು ಒಬ್ಬನ ಕಥೆಯಾಗಿದ್ದರೆ ಅದರ ಮೇಲೆ ವಾದ ಕಟ್ಟುವುದು ತಪ್ಪಾಗುತ್ತಿತ್ತು. 1979ರ ಅಕ್ಟೋಬರಿನಲ್ಲಿ ಎವರೆಸ್ಟಿನಿಂದ ಇಳಿಯುತ್ತಿದ್ದ ಜರ್ಮನ್ ಆರೋಹಿ ಹನ್ನೆಲೋರ್ ಶ್ಮಾಟ್ಸ್ 8,300 ಮೀಟರ್ ಸುಮಾರಿನಲ್ಲಿ ಕುಸಿದಾಗ ಸುಂಗ್ದರೆ ಶೆರ್ಪಾ ಅವಳ ಕೊನೆಯುಸಿರಿನವರೆಗೆ ಪಕ್ಕದಲ್ಲಿದ್ದ, ಅದಕ್ಕೆ ತನ್ನ ಕೈಕಾಲುಗಳ ಬೆರಳುಗಳನ್ನು ತೆತ್ತ. 1984ರಲ್ಲಿ ಅವಳ ದೇಹವನ್ನು ಕೆಳಗೆ ತರಲು ಹೋದ ಇಬ್ಬರು ನೇಪಾಳಿಗಳು, ಪೊಲೀಸ್ ಅಧಿಕಾರಿ ಯೋಗೇಂದ್ರ ಬಹದ್ದೂರ್ ಥಾಪಾ ಮತ್ತು ಆಂಗ್ ದೋರ್ಜೆ ಶೆರ್ಪಾ, ಬಿದ್ದು ಸತ್ತರು. ಬದುಕಿದ್ದವಳ ಜೊತೆ ಉಳಿದವನೂ ಸತ್ತವಳನ್ನು ತರಲು ಹೋದವರೂ ಈ ನೆಲದವರು. ಪರ್ವತ ಸಾಹಿತ್ಯದಲ್ಲಿ ಶ್ಮಾಟ್ಸ್ ಹೆಸರು ಎಷ್ಟು ಸಲ ಬರುತ್ತದೆ, ಆ ಮೂವರ ಹೆಸರು ಎಷ್ಟು ಸಲ ಬರುತ್ತದೆ ಎಂದು ಹೋಲಿಸಿ ನೋಡಿದರೆ ಸಾಕು. ಇದರಲ್ಲಿ ಶ್ಮಾಟ್ಸ್ ತಪ್ಪೇನೂ ಇಲ್ಲ. ಕಥೆ ಹೇಳುವವರು ಎಲ್ಲಿ ಕುಳಿತಿರುತ್ತಾರೋ ಅಲ್ಲಿಂದ ಕಾಣುವವರೇ ಕಥೆಯ ನಾಯಕರಾಗುತ್ತಾರೆ.

ಹೆಸರುಗಳಿಗೂ ಈ ಮರೆವಿನಲ್ಲಿ ಪಾತ್ರವಿದೆ. ಶೆರ್ಪಾಗಳಲ್ಲಿ ಹುಟ್ಟಿದ ವಾರದ ಹೆಸರಿಡುವುದು ಬಳಕೆ. ಸೋಮವಾರ ಹುಟ್ಟಿದ ಮಗು ದಾವಾ, ಮಂಗಳವಾರದ್ದು ಮಿಂಗ್ಮಾ, ಬುಧವಾರ ಲ್ಹಕ್ಪಾ, ಗುರುವಾರ ಫುರ್ಬಾ, ಶುಕ್ರವಾರ ಪಸಾಂಗ್, ಶನಿವಾರ ಪೆಂಬಾ, ಭಾನುವಾರ ನಿಮಾ. ಗಂಡಿಗೂ ಹೆಣ್ಣಿಗೂ ಒಂದೇ ಹೆಸರು ಸಲ್ಲುತ್ತದೆ. ಊರಿನಲ್ಲಿ ಮನೆ, ಕುಲ, ಅಡ್ಡಹೆಸರು ಸೇರಿ ಯಾವ ಪಸಾಂಗ್ ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ. ಹೊರಗಿನವರ ಕೂಲಿ ಪಟ್ಟಿಯಲ್ಲಿ ಮಾತ್ರ ಒಬ್ಬ ಪಸಾಂಗ್ ಇನ್ನೊಬ್ಬ ಪಸಾಂಗ್‌ನೊಳಗೆ ಕರಗಿಹೋದ. 1922ರಲ್ಲಿ ಸತ್ತ ಏಳು ಮಂದಿಯಲ್ಲೂ ಒಬ್ಬ ಪಸಾಂಗ್ ಇದ್ದ. ಇದರ ಮೇಲೆ ಜನಾಂಗದ ಹೆಸರೇ ಉದ್ಯೋಗದ ಹೆಸರೂ ಆಗಿಬಿಟ್ಟಿತು. ‘ಶೆರ್ಪಾ’ ಎಂದರೆ ಪೂರ್ವದ ಜನ ಎಂದು ಅರ್ಥ. ಜಗತ್ತಿನ ಕಿವಿಗೆ ಅದು ಹೊರೆ ಹೊರುವವನು, ಹಗ್ಗ ಕಟ್ಟುವವನು ಎಂದು ಕೇಳಿಸತೊಡಗಿತು. ಹೆಂಗಸರ ಪಾಡು ಇನ್ನೂ ಹಿಂದೆ. 1959ರಲ್ಲಿ ಕ್ಲೋಡ್ ಕೋಗನ್ ನಾಯಕತ್ವದ ಮಹಿಳಾ ತಂಡ ಚೋ ಓಯುಗೆ ಹೋದಾಗ ತೇನ್ಸಿಂಗ್ ಅವರ ಮಕ್ಕಳಾದ ಪೆಮ್ ಪೆಮ್ ಮತ್ತು ನಿಮಾ ಅದರಲ್ಲಿದ್ದರು. ಆದರೂ ಶೆರ್ಪಾ ಹೆಂಗಸು ತಳಶಿಬಿರಕ್ಕೆ ಹೊರೆ ತರುವವಳು, ಚಹಾದಂಗಡಿ ನಡೆಸುವವಳು, ಗಂಡನ ದಾರಿ ಕಾಯುವವಳು ಎಂಬ ಚಿತ್ರ ಮುಂದೆ ಮೂವತ್ತು ವರ್ಷವಾದರೂ ಬದಲಾಗಲಿಲ್ಲ.

ಪಸಾಂಗ್ ಲ್ಹಾಮು ಎಂದರೆ ಶುಕ್ರವಾರದ ದೇವಿ. ಅವರು 1961ರಲ್ಲಿ ಲುಕ್ಲಾ ಬಳಿಯ ಸುರ್ಕೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಶಾಲೆಯ ಓದು ಅವರ ಪಾಲಿಗೆ ಬರಲಿಲ್ಲ, ಬೆಟ್ಟದ ಕೆಲಸ ಬಂದಿತು. ಲ್ಹಕ್ಪಾ ಸೋನಾಮ್ ಅವರನ್ನು ಮದುವೆಯಾಗಿ ಕಠ್ಮಂಡುವಿಗೆ ಬಂದರು, ಇಬ್ಬರೂ ಸೇರಿ ಚಾರಣದ ವ್ಯವಹಾರ ಕಟ್ಟಿದರು, ಮೂರು ಮಕ್ಕಳಾದರು. ಮೋಂ ಬ್ಲಾಂ ಏರಿದರು, ನೇಪಾಳದ ಬೇರೆ ಶಿಖರಗಳನ್ನೂ ಏರಿದರು. ಎವರೆಸ್ಟಿನಿಂದ ಮೂರು ಸಲ ಬರಿಗೈಯಲ್ಲಿ ಮರಳಿದರು. 1990ರಲ್ಲಿ ಫ್ರೆಂಚ್ ತಂಡವೊಂದರ ಜೊತೆ ಹೋಗಿದ್ದಾಗ ಶಕ್ತಿಯಿದ್ದರೂ ತನಗೆ ಮೇಲೇರುವ ಅವಕಾಶ ಸಿಗಲಿಲ್ಲ ಎಂದು ಅವರು ಬಹಿರಂಗವಾಗಿಯೇ ದೂರಿದರು. ಅದೇ ವರ್ಷ ನೇಪಾಳದಲ್ಲಿ ಪಕ್ಷರಹಿತ ಪಂಚಾಯತ್ ವ್ಯವಸ್ಥೆ ಉರುಳಿತು. ಹೊಸ ಸಂವಿಧಾನ ದೇಶವನ್ನು ಬಹುಜನಾಂಗಗಳ, ಬಹುಭಾಷೆಗಳ ನಾಡು ಎಂದು ಕರೆಯಿತು. ಒಂದು ಭಾಷೆ, ಒಂದು ವೇಷವೇ ನೇಪಾಳ ಎಂದು ದಶಕಗಳ ಕಾಲ ಕಲಿಸಿದ್ದ ಕಡೆ ಬೆಟ್ಟದ ಬೌದ್ಧ ಹೆಂಗಸೊಬ್ಬಳು ನಾನು ನೇಪಾಳದ ಹೆಸರಿನಲ್ಲಿ ಏರುತ್ತೇನೆ ಎನ್ನಲು ಈಗ ಜಾಗ ಹುಟ್ಟಿತ್ತು. ಆ ಜಾಗ ಅವರಿಗಾಗಿ ತಾನಾಗಿ ತೆರೆದಿರಲಿಲ್ಲ. ಪರವಾನಗಿಗಾಗಿ ಸರ್ಕಾರದೊಡನೆ ಗುದ್ದಾಡಿ, ಪ್ರಾಯೋಜಕರನ್ನು ಹುಡುಕಿ, ಹಣ ಕೂಡಿಸಿ ಅವರು ಅದನ್ನು ಪಡೆದುಕೊಂಡರು.

1993ರ ವಸಂತ ಎವರೆಸ್ಟಿನ ಮೊದಲ ಆರೋಹಣಕ್ಕೆ ನಲವತ್ತು ತುಂಬಿದ ಕಾಲ, ತಳಶಿಬಿರದಲ್ಲಿ ದಟ್ಟಣೆಯಿತ್ತು. ಬಚೇಂದ್ರಿ ಪಾಲ್ ನಾಯಕತ್ವದ ಭಾರತ-ನೇಪಾಳ ಮಹಿಳಾ ತಂಡವೂ ಬಂದಿತ್ತು. ಆ ತಂಡದಿಂದ ಸಂತೋಷ್ ಯಾದವ್ ಮೇ ತಿಂಗಳಲ್ಲಿ ಎರಡನೆಯ ಸಲ ಶಿಖರ ಮುಟ್ಟಿದರು. ಪಸಾಂಗ್ ಅದರೊಳಗೆ ಸೇರದೆ ತಮ್ಮದೇ ತಂಡ ಕಟ್ಟಿದ್ದರು. ಇದು ಹಟವೆಂದು ಆಗಲೂ ಕೆಲವರು ಅಂದರು. ಆದರೆ ಆ ಹಟದಲ್ಲೇ ಹೊಸತನವಿತ್ತು. ನಾಯಕಿಯೂ ಶೆರ್ಪಾ, ಜೊತೆಗಾರರೂ ಶೆರ್ಪಾಗಳು, ಹಗ್ಗದ ಎರಡೂ ತುದಿಯಲ್ಲಿ ಒಂದೇ ಭಾಷೆ. ಏಪ್ರಿಲ್ 22ರಂದು ಸೌತ್ ಕೋಲ್ ದಾರಿಯಲ್ಲಿ ಅವರು ಶಿಖರ ತಲುಪಿದಾಗ ಜೊತೆಗಿದ್ದವರಲ್ಲಿ ಹಿರಿಯರು ಸೋನಾಮ್ ತ್ಸೆರಿಂಗ್ ಶೆರ್ಪಾ, ಅವರಿಗೆ ಅದು ಐದನೆಯ ಎವರೆಸ್ಟ್. ಇಳಿಯುವಾಗ ಹವೆ ತಿರುಗಿತು. ದಕ್ಷಿಣ ಶಿಖರದ ಬಳಿ, 8,700 ಮೀಟರಿಗೂ ಮೇಲೆ, ಸೋನಾಮ್ ಕಾಯಿಲೆ ಬಿದ್ದರು. ಬದುಕಿ ಬಂದವರ ಹೇಳಿಕೆಯಂತೆ ಸೋನಾಮ್ ಅವರನ್ನು ಬಿಟ್ಟು ಇಳಿಯಲು ಪಸಾಂಗ್ ಒಪ್ಪಲಿಲ್ಲ. ಉಳಿದವರು ನೆರವಿಗಾಗಿ, ಆಮ್ಲಜನಕಕ್ಕಾಗಿ ಕೆಳಗೆ ಹೋದರು. ಮತ್ತೆ ಮೇಲೆ ಹೋಗಲು ಗಾಳಿ ಬಿಡಲಿಲ್ಲ.

ಈ ಇಳಿಕೆಯನ್ನು 1934ರ ಇಳಿಕೆಯ ಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲೂ ನಡೆಯಲಾರದ ಒಬ್ಬರು, ಬಿಟ್ಟು ಹೋಗದ ಇನ್ನೊಬ್ಬರು, ಎಷ್ಟು ಹೊತ್ತಾದರೂ ತಗ್ಗದ ಬಿರುಗಾಳಿ. ಆದರೆ ಗೇಲೇ ಕಥೆಯಲ್ಲಿ ಉಳಿದವನು ಆಳು, ಉಳಿಸಿಕೊಂಡವನು ನಾಯಕ. ಇಲ್ಲಿ ಉಳಿದದ್ದೇ ನಾಯಕಿ. ಹಿಮಾಲಯದ ತಂಡಗಳಲ್ಲಿ ಹಿಂದಿನಿಂದ ಬಂದ ಮೇಲುಕೀಳಿನ ಲೆಕ್ಕದಲ್ಲಿ ಸೋನಾಮ್ ಸಂಬಳಕ್ಕೆ ಬಂದ ಆರೋಹಿ, ಪಸಾಂಗ್ ತಂಡದ ಒಡತಿ. ಆ ಲೆಕ್ಕ ಆ ರಾತ್ರಿ ಅಡಿಮೇಲಾಯಿತು. ಸೇವಕನ ನಿಷ್ಠೆ ಎಂದು ಈ ಸಾವನ್ನು ಕರೆಯುವುದು ಯಾರಿಗೂ ಸಾಧ್ಯವಿರಲಿಲ್ಲ. ಹಾಗಾದರೆ ಏನೆಂದು ಕರೆಯಬೇಕು? ಶೆರ್ಪಾಗಳು ಅದನ್ನು ಜೊತೆಗಾರಿಕೆ ಎಂದು ಕರೆದರು, ಹಾಗೆಯೇ ಹೇಳಿದರು, ದೇಶ ಆ ಮಾತನ್ನೇ ಎತ್ತಿಕೊಂಡಿತು. ಒಂದು ಸಲ ಹೀಗೆ ಹೇಳಲು ಬಂದ ಮೇಲೆ ಹಳೆಯ ಕಥೆಗಳ ಮೇಲೂ ಬೇರೆ ಬೆಳಕು ಬಿದ್ದಿತು. ಗೇಲೇ, ಸುಂಗ್ದರೆ ಇಬ್ಬರೂ ಬಹುಶಃ ಇದನ್ನೇ ಮಾಡಿದ್ದರು.

ದೇಹವನ್ನು ಕೆಳಗೆ ತಂದದ್ದೇ ನನ್ನ ವಾದಕ್ಕೆ ಗಟ್ಟಿಯಾದ ಆಧಾರ. 8,000 ಮೀಟರಿನ ಮೇಲೆ ಸತ್ತವರನ್ನು ಅಲ್ಲೇ ಬಿಡುವುದು ಆ ಕಾಲದ ರೂಢಿ, ಇಂದಿಗೂ ಬಹುಮಟ್ಟಿಗೆ ಅದೇ ರೂಢಿ. ಹೊರೆಯಿಲ್ಲದೆ ನಡೆಯುವುದೇ ಕಷ್ಟವಾದ ಗಾಳಿಯಲ್ಲಿ ಹೆಪ್ಪುಗಟ್ಟಿದ ದೇಹವೊಂದನ್ನು ಹಗ್ಗಕ್ಕೆ ಬಿಗಿದು, ಕಡಿದಾದ ಅಂಚುಗಳಲ್ಲಿ ಇಳಿಬಿಟ್ಟು, ಖುಂಬು ಹಿಮಪಾತವೆಂಬ ಹಿಮನದಿಯ ಇಳಿಜಾರಿನ ಬಾಯಿತೆರೆದ ಬಿರುಕುಗಳನ್ನು ದಾಟಿಸಬೇಕು. ಒಂದೊಂದು ಹೆಜ್ಜೆಗೂ ಹೊತ್ತವರ ಪ್ರಾಣ ಪಣದಲ್ಲಿರುತ್ತದೆ. ಥಾಪಾ ಮತ್ತು ಆಂಗ್ ದೋರ್ಜೆ ಸತ್ತದ್ದು ಒಂಬತ್ತು ವರ್ಷಗಳ ಹಿಂದಷ್ಟೇ, ಅದು ಯಾರಿಗೂ ಮರೆತಿರಲಿಲ್ಲ. ಆದರೂ ಆರೋಹಿಗಳು ಹೋದರು, ತಂದರು. ಸರ್ಕಾರದ ಆಜ್ಞೆಯಿಂದ ಇಂಥ ಕೆಲಸ ಆಗುವುದಿಲ್ಲ, ಕೂಲಿಯ ಆಸೆಯಿಂದಲೂ ಆಗುವುದಿಲ್ಲ. ಕಠ್ಮಂಡುವಿನ ಮೈದಾನದಲ್ಲಿ ರಾಜ್ಯ ನಡೆಸಿದ ಗೌರವಕ್ಕೆ ಮುಂಚೆ ಸೌತ್ ಕೋಲ್‌ನಲ್ಲಿ ಸಮುದಾಯ ನಡೆಸಿದ ಗೌರವ ಇದು. ಮೆರವಣಿಗೆ ಶುರುವಾದದ್ದು ಪೇಟೆಯಲ್ಲಿ ಎಂದು ಬರೆಯುವವರು ಅದರ ಮೊದಲ ದಾರಿಯನ್ನೇ ಬಿಟ್ಟುಬಿಡುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ದಾಟಿ ಹೋಗಲು ನನಗೆ ಮನಸ್ಸಿಲ್ಲ. ಶೆರ್ಪಾಗಳ ಬೌದ್ಧ ಆಚರಣೆಯಲ್ಲಿ ಸಾವಿನ ವಿಧಿಗಳು ಸತ್ತವರನ್ನು ಕಳಿಸಿಕೊಡಲು ಇರುವಂಥವು. ಲಾಮಾ ಓದುವ ಪಾಠ, ತುಪ್ಪದ ದೀಪ, ಊರಿಗೆಲ್ಲ ಹಂಚುವ ಅನ್ನ, ನಲವತ್ತೊಂಬತ್ತು ದಿನಗಳ ಲೆಕ್ಕ ಎಲ್ಲವೂ ಹೋದ ಚೇತನ ಹಿಂದಿರುಗಿ ನೋಡದೆ ಮುಂದಿನ ಹುಟ್ಟಿಗೆ ಸಾಗಲಿ ಎಂದು. ಅದಕ್ಕೇ ಹಲವು ಮನೆಗಳಲ್ಲಿ ಸತ್ತವರ ಹೆಸರು ಎತ್ತುವುದನ್ನೂ ತಪ್ಪಿಸುತ್ತಾರೆ, ಕರೆದರೆ ತಡೆದಂತಾದೀತು ಎಂಬ ಭಯ. ಇದಕ್ಕೆ ಎದುರಾಗಿ ಪ್ರತಿಮೆ, ಅಂಚೆಚೀಟಿ, ರಸ್ತೆಯ ಹೆಸರು ಎಲ್ಲವೂ ಹಿಡಿದಿಟ್ಟುಕೊಳ್ಳುವ ಸಾಧನಗಳು. ವೀರಗಲ್ಲಿನ ನಾಡಿನ ನಮಗೆ ಹೆಸರು ಕೆತ್ತುವುದೇ ಸಹಜವಾದ ಗೌರವ ಎನ್ನಿಸಬಹುದು. ಆದರೆ ಹೆಸರು ಹೇಳದಿರುವುದೂ ಪ್ರೀತಿಯ ಒಂದು ಬಗೆಯಾಗಿರುವ ಜನರೂ ಇದ್ದಾರೆ. ಆದ್ದರಿಂದ, ಪಸಾಂಗ್ ಅವರ ಹೆಸರನ್ನು ಬೀದಿಬೀದಿಯಲ್ಲಿ ಕೂಗಿದ ಆಧುನಿಕ ಶೋಕ ಶೆರ್ಪಾಗಳದೇ ಅಲ್ಲ, ಹೊರಗಿನಿಂದ ಹೇರಿದ್ದು ಎಂದು ಆಕ್ಷೇಪಿಸಬಹುದು. ಅದಕ್ಕೆ ನನ್ನ ಉತ್ತರ ಥುಕ್ಲಾ ಕಣಿವೆಬಾಯಲ್ಲಿದೆ. ಎವರೆಸ್ಟ್ ತಳಶಿಬಿರದ ದಾರಿಯಲ್ಲಿ ಸುಮಾರು 4,800 ಮೀಟರ್ ಎತ್ತರದ ಆ ಬಯಲಿನಲ್ಲಿ ಸತ್ತ ಆರೋಹಿಗಳಿಗಾಗಿ ಕಟ್ಟಿದ ಚೋರ್ಟೆನ್ ಎಂಬ ಕಲ್ಲಿನ ಸ್ತೂಪಗಳ ಸಾಲೇ ಇದೆ. ಅಮೆರಿಕದ ಸ್ಕಾಟ್ ಫಿಷರ್ ಅವರದೂ ಇದೆ, 2001ರಲ್ಲಿ ಹಿಮದ ಬಿರುಕಿಗೆ ಬಿದ್ದು ತೀರಿಕೊಂಡ ಬಾಬು ಚಿರಿ ಶೆರ್ಪಾ ಅವರದೂ ಇದೆ. ಚೋರ್ಟೆನ್ ಬೌದ್ಧರ ಹಳೆಯ ರೂಪ, ಅದರ ಮೇಲೆ ಕೆತ್ತಿದ ಹೆಸರು ಹೊಸ ಅಭ್ಯಾಸ. ಕಳಿಸಿಕೊಡುವುದನ್ನೂ ಇಟ್ಟುಕೊಳ್ಳುವುದನ್ನೂ ಒಂದೇ ಕಲ್ಲಿನಲ್ಲಿ ಸೇರಿಸಲು ಈ ಜನ ಕಲಿತಿದ್ದಾರೆ.

ರಾಜ್ಯ ಕೊಟ್ಟ ಗೌರವಗಳು ಸಣ್ಣವಲ್ಲ. 1953ರಲ್ಲಿ ತೇನ್ಸಿಂಗ್ ಅವರಿಗೆ ಸಂದಿದ್ದ ನೇಪಾಳ ತಾರಾ ಗೌರವವನ್ನು ರಾಜ ಬೀರೇಂದ್ರ ಮರಣೋತ್ತರವಾಗಿ ಪಸಾಂಗ್ ಅವರಿಗೆ ಕೊಟ್ಟರು, ಅದನ್ನು ಪಡೆದ ಮೊದಲ ಮಹಿಳೆ ಅವರು. ಕಠ್ಮಂಡುವಿನ ಬೌಧನಾಥ ಸ್ತೂಪದ ಹಾದಿಯ ಚುಚ್ಚೆಪಾಟಿಯಲ್ಲಿ ಅವರ ಆಳೆತ್ತರದ ಪ್ರತಿಮೆ ನಿಂತಿತು. 7,300 ಮೀಟರ್ ಮೀರಿದ ಜಸಂಬಾ ಶಿಖರಕ್ಕೆ, ತ್ರಿಶೂಲಿಯಿಂದ ಧುಂಚೆಗೆ ಹೋಗುವ ಹೆದ್ದಾರಿಗೆ ಅವರ ಹೆಸರಿಟ್ಟರು. ಅಂಚೆಚೀಟಿ ಬಂದಿತು. ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸುವುದು ಒಂದು ಗೋಧಿಯ ತಳಿ. ಗುಡ್ಡಗಾಡಿನ ಹೊಲಗಳಿಗೆ ಬಿಡುಗಡೆ ಮಾಡಿದ ತಳಿಯೊಂದಕ್ಕೆ ಪಸಾಂಗ್ ಲ್ಹಾಮು ಎಂದು ಹೆಸರಿಟ್ಟರು. ಬೀಜ ಕೊಳ್ಳಲು ಬಂದ ರೈತ ಆ ಹೆಸರು ಹೇಳಿ ಕೇಳಬೇಕು, ಬಿತ್ತುವಾಗ, ಕೊಯ್ಯುವಾಗ, ಪಕ್ಕದ ಹೊಲದವರಿಗೆ ಬೀಜ ಕೊಡುವಾಗ ಹೇಳಬೇಕು. ಎಂದೂ ಹಿಮನದಿ ಕಾಣದ ಬಾಯಿಗಳಲ್ಲಿ ಹೆಸರು ಹೀಗೆ ದಿನಬಳಕೆಗೆ ಬರುವುದು ಪ್ರತಿಮೆಯಿಂದ ಆಗದ ಕೆಲಸ.

ಬದುಕಿದ್ದಾಗ ಸತಾಯಿಸಿದ ರಾಜ್ಯ ಸತ್ತ ಮೇಲೆ ಹಾರ ಹಾಕಿತು, ಇಂಥ ಶೋಕಕ್ಕೆ ಏನು ಬೆಲೆ ಎಂಬುದು ದೊಡ್ಡ ಆಕ್ಷೇಪ. ಅದರಲ್ಲಿ ಸತ್ಯವಿದೆ. ಹೊಸ ಪ್ರಜಾಪ್ರಭುತ್ವಕ್ಕೆ ಎಲ್ಲರೂ ಒಪ್ಪುವ ಒಬ್ಬ ನಾಯಕಿ ಬೇಕಿದ್ದಳು, ಮರುಮಾತಾಡದ ನಾಯಕಿ ಸಿಕ್ಕಳು. ಈ ಆಕ್ಷೇಪವನ್ನು ಇನ್ನೂ ಹರಿತಗೊಳಿಸುವ ಉದಾಹರಣೆ ಲ್ಹಕ್ಪಾ ಶೆರ್ಪಾ ಅವರದು. 2000ದ ಮೇ 18ರಂದು ಎವರೆಸ್ಟ್ ಏರಿ ಬದುಕಿ ಇಳಿದ ಮೊದಲ ನೇಪಾಳಿ ಮಹಿಳೆ ಅವರು, 2022ರ ಹೊತ್ತಿಗೆ ಹತ್ತು ಸಲ ಏರಿದ್ದರು. ಆದರೂ ಅಮೆರಿಕದಲ್ಲಿ ಪಾತ್ರೆ ತೊಳೆದು, ಅಂಗಡಿಗಳಲ್ಲಿ ದುಡಿದು ಮಕ್ಕಳನ್ನು ಸಾಕಿದರು. ಲೋಕ ಅವರನ್ನು ಗಮನಿಸಿದ್ದು ಬಹಳ ತಡವಾಗಿ. ದೇಶಕ್ಕೆ ಜೀವಂತ ಆರೋಹಿಗಿಂತ ಸತ್ತ ಆರೋಹಿ ಹೆಚ್ಚು ಇಷ್ಟ ಎಂದು ಯಾರಾದರೂ ಅಂದರೆ ನಾನು ಅಡ್ಡ ಮಾತಾಡಲಾರೆ. ಆದರೆ ಇದರಿಂದ 1993ರ ಶೋಕ ಪೊಳ್ಳೆಂದು ತೀರ್ಮಾನಿಸುವುದು ದುಡುಕು. ರಾಜ್ಯ ಏಕೆ ಅತ್ತಿತು ಎಂಬುದು ಒಂದು ಪ್ರಶ್ನೆ, ಅದು ಅಳುವಂತೆ ಮಾಡಿದವರು ಯಾರು ಎಂಬುದು ಇನ್ನೊಂದು. ಅದಕ್ಕೂ ಮುಂಚೆ ನೂರಾರು ಶೆರ್ಪಾ ಮನೆಗಳು ಸದ್ದಿಲ್ಲದೆ ದೀಪ ಹಚ್ಚಿದ್ದವು, ಆಗ ಯಾವ ಮೈದಾನವೂ ತೆರೆದಿರಲಿಲ್ಲ. ಈ ಸಲ ತೆರೆಯಲೇಬೇಕಾಯಿತು.

ಇನ್ನೊಂದು ಆಕ್ಷೇಪ ಪರ್ವತಾರೋಹಿಗಳದೇ. ಪಸಾಂಗ್ ಅಷ್ಟು ನುರಿತ ಆರೋಹಿಯಾಗಿರಲಿಲ್ಲ, ಮೊದಲಿಗಳಾಗುವ ಹಂಬಲದಲ್ಲಿ ಋತುವಿನ ಆರಂಭದಲ್ಲೇ ಏರಿದರು, ಆ ಆತುರ ಇನ್ನೊಬ್ಬರ ಪ್ರಾಣವನ್ನೂ ತೆಗೆದುಕೊಂಡಿತು ಎಂದು ಅವರು ಸತ್ತ ವರ್ಷವೇ ಮಾತು ಬಂದಿತು. ಸತ್ತವರ ಮೇಲಿನ ಪ್ರೀತಿಗಾಗಿ ಈ ಪ್ರಶ್ನೆಯನ್ನು ಮುಚ್ಚಿಡಬಾರದು. ಪೈಪೋಟಿ ಇತ್ತು, ಅದು ಅವರ ತೀರ್ಮಾನಗಳ ಮೇಲೆ ಭಾರ ಹಾಕಿರಲೇಬೇಕು. ಆದರೆ ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕು. 1922ರಲ್ಲಿ ಹೊಸ ಹಿಮ ಬಿದ್ದ ಇಳಿಜಾರಿಗೆ ಏಳು ಜನರ ಜೀವ ಹೋಗುವಂತೆ ಹಗ್ಗ ನಡೆಸಿದವರ ಹಂಬಲವನ್ನು ಪರ್ವತ ಸಾಹಿತ್ಯ ಸಾಹಸ ಎಂದಿತು. 1934ರಲ್ಲಿ ಹದಿನಾರು ಜನರನ್ನು ಒಟ್ಟಿಗೆ ಅಷ್ಟು ಎತ್ತರಕ್ಕೆ ಒಯ್ದ ಮೆರ್ಕ್ಲ್‌ನ ಹಂಬಲವನ್ನು ವಿಧಿ ಎಂದಿತು. ಮೂರು ಮಕ್ಕಳ ತಾಯಿ ಅದನ್ನೇ ಬಯಸಿದಾಗ ಅದು ಅತಿಯಾಸೆ ಆಗುವುದು ಹೇಗೆ? ಅವರು ಏರಿದ್ದರಲ್ಲಿ ತಪ್ಪು ಹುಡುಕುವವರು ಅವರು ಇಳಿಯದೆ ಉಳಿದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಸರಿಗಾಗಿ ಮಾತ್ರ ಏರಿದ್ದವರಿಗೆ ಶಿಖರ ಮುಟ್ಟಿದ ಕ್ಷಣಕ್ಕೇ ಬೇಕಾದದ್ದೆಲ್ಲ ದಕ್ಕಿತ್ತು, ಮುಂದೆ ಇಳಿದು ಅನುಭವಿಸುವುದಷ್ಟೇ ಬಾಕಿ ಇತ್ತು.

ನನಗೆ ಪೂರ್ತಿ ಉತ್ತರ ಸಿಗದ ಆಕ್ಷೇಪ ಸೋನಾಮ್ ತ್ಸೆರಿಂಗ್ ಅವರ ಕುರಿತದ್ದು. ಐದು ಸಲ ಎವರೆಸ್ಟ್ ಏರಿದ ಮನುಷ್ಯ, ಅದೇ ಬಿರುಗಾಳಿಗೆ ಸಿಕ್ಕವರು, ದೇಹವೂ ಸಿಗದವರು. ಅವರ ಹೆಸರಿನ ಹೆದ್ದಾರಿಯಿಲ್ಲ, ಶಿಖರವಿಲ್ಲ, ಗೋಧಿಯಿಲ್ಲ. ಬೇರೆಯವರ ಕಥೆಯಲ್ಲಿ ಶೆರ್ಪಾ ಕರಗಿಹೋಗುತ್ತಿದ್ದ ಎಂದು ಇಷ್ಟು ಹೊತ್ತು ದೂರಿದವನು, ಶೆರ್ಪಾಗಳದೇ ಕಥೆಯಲ್ಲಿ ಇನ್ನೊಬ್ಬ ಶೆರ್ಪಾ ಕರಗುವುದನ್ನು ಹೇಗೆ ಸಮರ್ಥಿಸಲಿ? ಒಂದು ಸಮಾಧಾನವಿದೆ. ಸೋನಾಮ್ ಇಲ್ಲದೆ ಪಸಾಂಗ್ ಕಥೆಯನ್ನು ಹೇಳಲು ಬರುವುದಿಲ್ಲ. ಪಸಾಂಗ್ ಏಕೆ ಇಳಿಯಲಿಲ್ಲ ಎಂದು ಮಗು ಕೇಳಿದರೂ ಉತ್ತರದಲ್ಲಿ ಸೋನಾಮ್ ಹೆಸರು ಬರಲೇಬೇಕು. ಪ್ರತಿಮೆ ಒಬ್ಬರದು, ಬಾಯಿಮಾತಿನ ಕಥೆ ಇಬ್ಬರದು. ಆದರೂ ಇದು ಸಾಲದು. ಬೆಟ್ಟದ ಶೋಕ ದೇಶದ ಶೋಕವಾಗುವಾಗ ಎಲ್ಲರನ್ನೂ ಹೊತ್ತು ತರಲಾಗಲಿಲ್ಲ, ಒಬ್ಬರನ್ನು ಮೇಲೆಯೇ ಬಿಟ್ಟು ಬಂದಿತು.

ಹೀಗೆ ಬಿಟ್ಟವರನ್ನೂ ಎಣಿಸಬೇಕೆಂಬ ಹಟ ಮುಂದೆ ಬಂದಿತು, ಅದಕ್ಕೆ ಎರಡು ದಶಕ ಹಿಡಿಯಿತು. 2014ರ ಏಪ್ರಿಲ್ 18ರ ಬೆಳಗ್ಗೆ ಎವರೆಸ್ಟಿನ ಪಶ್ಚಿಮ ಭುಜದಿಂದ ಕಳಚಿದ ಹಿಮಗಡ್ಡೆ ಖುಂಬು ಹಿಮಪಾತದಲ್ಲಿ ಹೊರೆ ಹೊತ್ತು ಸಾಗುತ್ತಿದ್ದವರ ಮೇಲೆ ಬಿದ್ದಿತು. 16 ಮಂದಿ ಸತ್ತರು, ಎಲ್ಲರೂ ನೇಪಾಳಿಗಳು, ಹೆಚ್ಚಿನವರು ಶೆರ್ಪಾಗಳು. 13 ದೇಹ ಸಿಕ್ಕವು, ಮೂರು ಸಿಗಲಿಲ್ಲ. ಸರ್ಕಾರ ಮೊದಲು ಘೋಷಿಸಿದ್ದು ಅಂತ್ಯಸಂಸ್ಕಾರಕ್ಕೆಂದು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ತಳಶಿಬಿರದಲ್ಲಿ ಪೂಜೆಯ ಹೊಗೆ ಏಳುತ್ತಿರುವಾಗಲೇ ಬೇಡಿಕೆಗಳ ಪಟ್ಟಿ ಬರೆದಾಯಿತು: ವಿಮೆ ಹೆಚ್ಚಬೇಕು, ಗಾಯಗೊಂಡವರ ಚಿಕಿತ್ಸೆ ನಡೆಯಬೇಕು, ಸತ್ತವರ ಸ್ಮಾರಕ ಆಗಬೇಕು. ಕನಿಷ್ಠ ವಿಮೆಯನ್ನು 15 ಲಕ್ಷ ರೂಪಾಯಿಗೆ ಏರಿಸಲು ಸರ್ಕಾರ ಒಪ್ಪಿತು. ಅಳುವ ಹೊತ್ತಿನಲ್ಲಿ ಹಣದ ಮಾತೇ ಎಂದು ಮೂಗು ಮುರಿದವರಿದ್ದರು. ಆದರೆ ಸತ್ತವರ ಮಕ್ಕಳ ಊಟ ಶೋಕದಿಂದ ಹೊರಗಿನ ವಿಷಯವಲ್ಲ. ಬೇಡಿಕೆಗಿಂತ ದೊಡ್ಡದಾದ ಇನ್ನೊಂದು ನಿರ್ಧಾರವೂ ಬಂದಿತು. ಹಿಮದಡಿ ತಮ್ಮವರು ಇರುವಾಗ ಅವರ ಮೇಲೆ ಕಾಲಿಟ್ಟು ಆ ಋತುವಿನಲ್ಲಿ ಏರುವುದಿಲ್ಲ ಎಂದು ಶೆರ್ಪಾಗಳು ಹೇಳಿದರು. ಲಕ್ಷಾಂತರ ರೂಪಾಯಿ ಕಟ್ಟಿ ಬಂದಿದ್ದ ವಿದೇಶಿ ಆರೋಹಿಗಳು ಹಿಂದಿರುಗಿದರು. ದಕ್ಷಿಣದ ದಾರಿ ಆ ವಸಂತಕ್ಕೆ ಬಹುತೇಕ ಬರಿದಾಯಿತು. ಆ ನಿರ್ಧಾರ ಹೊರಬಿದ್ದ ದಿನ ಏಪ್ರಿಲ್ 22. ಪಸಾಂಗ್ ಲ್ಹಾಮು ಮತ್ತು ಸೋನಾಮ್ ತ್ಸೆರಿಂಗ್ ಶಿಖರದಿಂದ ಇಳಿಯತೊಡಗಿ ಅಂದಿಗೆ ಇಪ್ಪತ್ತೊಂದು ವರ್ಷ.